ಯಂತ್ರ ಹೋದ ಮೇಲೆ ಉಳಿದ ಆಟ: ಹಳೆಯ ಗಣಕ ಆಟಗಳ ಮರುಚಾಲನೆ ಮತ್ತು ಜಾನಪದದ ಪಠ್ಯವಿಚಾರ

ಜಾನಪದ ಆಟಗಳ ಅಧ್ಯಯನವು ಕನ್ನಡದಲ್ಲಿ ಬಹುಮಟ್ಟಿಗೆ ಸಂಗ್ರಹದ ಹಂತದಲ್ಲಿಯೇ ನಿಂತಿದೆ. ಆಟದ ಹೆಸರು, ಬೇಕಾಗುವ ಪರಿಕರ, ಆಟಗಾರರ ಸಂಖ್ಯೆ, ನಿಯಮ, ಸೋಲು-ಗೆಲುವಿನ ಬಗೆ ಇಷ್ಟನ್ನು ಬರೆದಿಟ್ಟರೆ ಆಟವನ್ನೇ ದಾಖಲಿಸಿದಂತಾಯಿತೆಂಬ ನಂಬಿಕೆ ನಮ್ಮ ಬಹುಪಾಲು ಸಂಕಲನಗಳ ಹಿಂದಿದೆ. ಹಾಡು, ಕತೆ, ಕಾವ್ಯಗಳ ವಿಷಯದಲ್ಲಿ ಈ ನಂಬಿಕೆಯನ್ನು ಶಾಸ್ತ್ರವು ಕೈಬಿಟ್ಟು ಕೆಲವು ದಶಕಗಳೇ ಕಳೆದಿವೆ. ಹಾಡಿನ ಪಠ್ಯವು ಹಾಡಿಕೆಯಲ್ಲ, ಕತೆಯ ಪಠ್ಯವು ಹೇಳಿಕೆಯಲ್ಲ ಎಂಬುದನ್ನು ಇಂದು ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೂ ಬಲ್ಲ. ಆಟದ ವಿಷಯದಲ್ಲಿ ಮಾತ್ರ ನಿಯಮವೇ ಆಟವೆಂಬ ಹಳೆಯ ತಿಳಿವಳಿಕೆ ಅಲುಗಾಡದೆ ಉಳಿದಿದೆ. ಈ ಕೊರತೆ ಅತ್ಯಂತ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಜಾನಪದ ವಿದ್ವಾಂಸರು ಇದುವರೆಗೆ ತಮ್ಮದಲ್ಲವೆಂದು ಬಿಟ್ಟುಬಿಟ್ಟ ಒಂದು ಕ್ಷೇತ್ರದಲ್ಲಿ. ಅದು ಹಳೆಯ ಗಣಕ ಆಟಗಳನ್ನು ಇಂದಿನ ಯಂತ್ರಗಳಲ್ಲಿ ಮತ್ತೆ ನಡೆಸುವ ಪ್ರಯತ್ನಗಳ ಕ್ಷೇತ್ರ.

ಈ ಪ್ರಯತ್ನಗಳ ತಾಂತ್ರಿಕ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ತಿಳಿಯಬೇಕು. ಎಮ್ಯುಲೇಟರ್ ಎಂಬುದು ಒಂದು ಯಂತ್ರದೊಳಗೆ ಮತ್ತೊಂದು ಯಂತ್ರದ ನಡವಳಿಕೆಯನ್ನು ತಂತ್ರಾಂಶದ ಮೂಲಕ ಸಾಧಿಸುವ ವ್ಯವಸ್ಥೆ. ಹಳೆಯ ಸಂಸ್ಕಾರಕಕ್ಕೆಂದು ಬರೆದ ಆದೇಶಗಳನ್ನು ಅದು ಹೊಸ ಸಂಸ್ಕಾರಕಕ್ಕೆ ಅರ್ಥವಾಗುವ ಆದೇಶಗಳನ್ನಾಗಿ ಆಯಾ ಗಳಿಗೆಯಲ್ಲೇ ಅನುವಾದಿಸುತ್ತ ಹೋಗುತ್ತದೆ. ವರ್ಚುಯಲ್ ಮಷೀನ್ ಇದರ ಸಮೀಪದ ಬಂಧು. ಅದು ಇರುವ ಸಂಸ್ಕಾರಕವನ್ನೇ ಎರವಲು ಪಡೆದು, ಉಳಿದ ಯಂತ್ರಾಂಗಗಳನ್ನು ತಾನು ಕಲ್ಪಿಸಿಕೊಟ್ಟು, ಒಂದು ಇಡೀ ಹಳೆಯ ವಿಂಡೋಸ್ ವ್ಯವಸ್ಥೆಯನ್ನು ಹೊಸ ಗಣಕದ ಒಂದು ಕಿಟಕಿಯಲ್ಲಿ ಕೂರಿಸುತ್ತದೆ. ನಾಣ್ಯ ಹಾಕಿ ಆಡುವ ಯಂತ್ರಗಳ ಆಟಗಳಿಗಾಗಿ ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಮೇಮ್ ಎಂಬ ಎಮ್ಯುಲೇಟರನ್ನು ಆರಂಭಿಸಿದರು. ಡಾಸ್ ವ್ಯವಸ್ಥೆಯ ಆಟಗಳಿಗೆ 2002ರಲ್ಲಿ ಡಾಸ್‌ಬಾಕ್ಸ್ ಬಂದಿತು. ಫ್ಯಾಬ್ರೀಸ್ ಬೆಲ್ಲಾರ್ ಅವರ ಕ್ಯೂಎಮು 2003ರದು. 2015ರ ಜನವರಿಯಲ್ಲಿ ಇಂಟರ್ನೆಟ್ ಆರ್ಕೈವ್ ಸಂಸ್ಥೆಯು ಸುಮಾರು 2,400 ಡಾಸ್ ಆಟಗಳನ್ನು, ಯಾವ ತಂತ್ರಾಂಶವನ್ನೂ ಅಳವಡಿಸಿಕೊಳ್ಳದೆ, ಬ್ರೌಸರಿನೊಳಗೇ ಆಡಬಹುದಾದಂತೆ ತೆರೆದಿಟ್ಟಿತು. ಮೇಮ್ ರೂಪಿಸಿದವರು ತಮ್ಮ ಉದ್ದೇಶದ ಬಗೆಗೆ ಹೇಳಿಕೊಂಡಿರುವ ಮಾತು ಜಾನಪದ ಸಂಗ್ರಾಹಕರಿಗೆ ಚಿರಪರಿಚಿತವೆನ್ನಿಸುವಂಥದು. ಯಂತ್ರಾಂಶವನ್ನು ದಾಖಲಿಸುವುದೇ ತಮ್ಮ ಕೆಲಸ, ಆಟ ಆಡಲು ಬರುತ್ತದೆಂಬುದು ಆ ದಾಖಲೆ ಸರಿಯಾಗಿದೆಯೆಂಬುದಕ್ಕೆ ಸಾಕ್ಷಿ ಮಾತ್ರ ಎಂಬುದು ಅವರ ನಿಲುವು. ಇಲ್ಲಿ ಆಟ ಸಾಕ್ಷಿಯ ಸ್ಥಾನಕ್ಕೆ ಇಳಿದಿದೆ. ಆಟಗಾರನಿಗೆ ಸ್ಥಾನವೇ ಇಲ್ಲ.

ಹಾಗೆಂದು ಈ ಕೆಲಸವನ್ನು ಹಗುರಾಗಿ ಕಾಣಲಾಗದು. ಆರಂಭದ ಐಬಿಎಂ ಗಣಕದ ಸಂಸ್ಕಾರಕದ ವೇಗ 4.77 ಮೆಗಾಹರ್ಟ್ಸ್. ಅದನ್ನೇ ನಂಬಿ ಕಾಲವನ್ನು ಅಳೆಯುತ್ತಿದ್ದ ಅನೇಕ ಆಟಗಳು ಮುಂದಿನ ವೇಗದ ಯಂತ್ರಗಳಲ್ಲಿ ಕಣ್ಣಿಗೆ ಹಿಡಿಯದಷ್ಟು ಅವಸರದಲ್ಲಿ ಓಡಿ ಮುಗಿಯುತ್ತಿದ್ದವು. ಹಳೆಯ ಪೆಟ್ಟಿಗೆಗಳ ಮುಂಭಾಗದಲ್ಲಿದ್ದ ‘ಟರ್ಬೊ’ ಎಂಬ ಗುಂಡಿ ಅನೇಕರಿಗೆ ನೆನಪಿದ್ದೀತು. ಹೆಸರು ವೇಗದ್ದಾದರೂ ಅದರಿಂದ ಆಗುತ್ತಿದ್ದ ಮುಖ್ಯ ಉಪಯೋಗ ಯಂತ್ರವನ್ನು ನಿಧಾನಗೊಳಿಸುವುದೇ. ಡಾಸ್‌ಬಾಕ್ಸ್ ಇದೇ ಕೆಲಸವನ್ನು ಅಂಕಿಗಳಲ್ಲಿ ಮಾಡುತ್ತದೆ. ಇಂತಿಷ್ಟು ಕಾಲಕ್ಕೆ ಇಂತಿಷ್ಟೇ ಆದೇಶವೆಂದು ಲಗಾಮು ಹಾಕುತ್ತದೆ. ಹಳೆಯ ಆಟಕ್ಕೆ ಅದರ ಲಯವನ್ನು ಮರಳಿಸುವ ಈ ಕ್ರಿಯೆಯಲ್ಲಿ ಮೇಳದ ಲಯ ಹಿಡಿಯುವ ತಾಳಗಾರನ ಜಾಣ್ಮೆಯಂಥದೇನೋ ಇದೆ.

ಪ್ರಶ್ನೆ ಇರುವುದು ಹೀಗೆ ಮರಳಿ ಬಂದದ್ದು ಏನು ಎಂಬಲ್ಲಿ. ಇಲ್ಲಿ ತುಳುನಾಡಿನ ಸಿರಿ ಪಾಡ್ದನದ ದಾಖಲೀಕರಣವನ್ನು ನೆನೆಯುವುದು ಉಚಿತ. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೋಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ದಾಖಲಿಸಿದರು. 1998ರಲ್ಲಿ ಪ್ರಕಟವಾದ ಆ ಪಠ್ಯದ ವಿಸ್ತಾರ 15,683 ಸಾಲು. ಹೋಂಕೊ ಅವರ ವಿವೇಚನೆಯ ತಿರುಳು ಈ ಸಾಲುಗಳ ಸಂಖ್ಯೆಯಲ್ಲಿಲ್ಲ. ಹಾಡುಗಾರನ ಮನಸ್ಸಿನಲ್ಲಿ ಸಿದ್ಧಗೊಂಡ ಸಾಲುಗಳ ಸರಣಿ ಇರುವುದಿಲ್ಲ. ಕಥಾಸೂತ್ರ, ಸನ್ನಿವೇಶ, ನುಡಿಗಟ್ಟುಗಳ ಒಂದು ಮಾನಸಿಕ ಪಠ್ಯವಿರುತ್ತದೆ. ಅದು ಪ್ರತಿ ಸಂದರ್ಭದಲ್ಲಿಯೂ ಹೊಸದಾಗಿ ನಡೆದು ಕಾವ್ಯವಾಗುತ್ತದೆ ಎಂಬುದು ಅವರು ಸ್ಥಾಪಿಸಿದ ಅಂಶ. ದಾಖಲೆಗಾಗಿ ಹಾಡಿದ್ದಕ್ಕೂ ಸಿರಿ ಜಾತ್ರೆಯ ಆರಾಧನೆಯಲ್ಲಿ ಹಾಡುವುದಕ್ಕೂ ಇರುವ ಅಂತರವನ್ನು ಅವರು ಮರೆಮಾಚಲಿಲ್ಲ. ಗಣಕದ ಆಟವೂ ‘ನಡೆಯುವ’ ಪಠ್ಯವೇ. ಫ್ಲಾಪಿಯ ಮೇಲಿನ ಕಡತ ಆಟವಲ್ಲ, ಆಟದ ಸಾಧ್ಯತೆ. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕಾಗುತ್ತದೆ. ನಾಯ್ಕರು ಕೇಳುಗರನ್ನು ನೋಡಿ ಕಾವ್ಯವನ್ನು ಹಿಗ್ಗಿಸಬಲ್ಲರು, ಕುಗ್ಗಿಸಬಲ್ಲರು. ಪ್ರೋಗ್ರಾಮಿಗೆ ಆ ಸ್ವಾತಂತ್ರ್ಯವಿಲ್ಲ. ಹಾಗಾದರೆ ಅಲ್ಲಿ ಹಿಗ್ಗು-ಕುಗ್ಗುಗಳಿಗೆ ಎಡೆಯೇ ಇರಲಿಲ್ಲವೆ? ಇತ್ತು. ಅದು ಪರದೆಯ ಒಳಗಿರಲಿಲ್ಲ, ಪರದೆಯ ಈಚೆಗಿತ್ತು.

ಈ ಮಾತನ್ನು ಬೆಂಗಳೂರಿನ ನಿದರ್ಶನಕ್ಕಿಂತ ಚಿಂತಾಮಣಿಯಂಥ ತಾಲೂಕು ಕೇಂದ್ರದ ನಿದರ್ಶನ ಚೆನ್ನಾಗಿ ಬಿಡಿಸುತ್ತದೆ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಸೀಮೆ ಭಾಷೆಯ ದೃಷ್ಟಿಯಿಂದ ಗಡಿನಾಡು. ಕೈವಾರದ ಯೋಗಿ ನಾರೇಯಣರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ರಚನೆ ಮಾಡಿದ್ದು ಇಲ್ಲಿ ವಿಶೇಷವೆನಿಸದೆ ಸಹಜವೆನಿಸುತ್ತದೆ. ಅನೇಕ ಮನೆಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಪೇಟೆಯಲ್ಲಿ ಉರ್ದುವೂ ಸೇರಿಕೊಳ್ಳುತ್ತದೆ. ಜಗಲಿಯ ಆಟಗಳಿಗೂ ಎರಡೆರಡು ಹೆಸರು. ಒಂದು ಮನೆಯ ಚೌಕಾಬಾರ ಪಕ್ಕದ ಮನೆಯಲ್ಲಿ ಅಷ್ಟಾಚಮ್ಮ, ಅಳಗುಳಿಮಣೆಯೇ ವಾಮನಗುಂಟಲು, ಹುಲಿ-ಕುರಿಯಾಟವೇ ಪುಲಿ-ಮೇಕ. ಹೆಸರಿನೊಡನೆ ನಿಯಮಗಳಲ್ಲಿಯೂ ಮನೆಯಿಂದ ಮನೆಗೆ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ, ಆಟ ಶುರುವಾಗುವ ಮುನ್ನ ‘ನಿಮ್ಮ ಕಡೆ ಹೇಗೆ?’ ಎಂದು ಕೇಳಿಕೊಂಡು ಒಪ್ಪಂದಕ್ಕೆ ಬರಬೇಕಾಗುತ್ತದೆ. ಈ ಒಪ್ಪಂದವೂ ಆಟದ ಭಾಗವೆಂಬುದನ್ನು ನಮ್ಮ ಸಂಕಲನಗಳು ಗುರುತಿಸಿಲ್ಲ.

1990ರ ದಶಕದ ಉತ್ತರಾರ್ಧದಲ್ಲಿ ಇಂಥ ಊರುಗಳಿಗೆ ಗಣಕ ಬಂದದ್ದು ಮನೆಗಳಿಗಲ್ಲ, ತರಬೇತಿ ಕೇಂದ್ರಗಳಿಗೆ. ಬಸ್ ನಿಲ್ದಾಣದ ಆಸುಪಾಸಿನ ಮಹಡಿಗಳ ಮೇಲೆ, ಟೈಪಿಂಗ್ ಶಾಲೆಗಳ ಪಕ್ಕದ ಕೋಣೆಗಳಲ್ಲಿ, ಡಿಸಿಎ, ಡಿಟಿಪಿ ಎಂಬ ಫಲಕ ಹೊತ್ತು ಅವು ತೆರೆದುಕೊಂಡವು. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋಗಬೇಕಾದ, ಧೂಳು ತಾಗದಂತೆ ಗಣಕಕ್ಕೆ ಹೊದಿಕೆ ಹೊದಿಸಿಟ್ಟ ಆ ಕೋಣೆಗಳಲ್ಲಿ ಒಂದು ಪರದೆಗೆ ಇಬ್ಬರು ಮೂವರು ಕೂರುವುದು ವಾಡಿಕೆ. ಪಾಠ ಮುಗಿದ ಮೇಲಿನ ಅಭ್ಯಾಸದ ವೇಳೆಯಲ್ಲಿ ತೆರೆಯುತ್ತಿದ್ದ ಆಟಗಳಲ್ಲಿ ಎರಡು ಈ ದೇಶದ ಒಂದು ಇಡೀ ಪೀಳಿಗೆಗೆ ಪರಿಚಿತ. ಒಂದು ಜಾನ್ ರೊಮೆರೊ ಅವರ ‘ಡೇಂಜರಸ್ ಡೇವ್’. 1988ರಲ್ಲಿ ಆಪಲ್ ಗಣಕಕ್ಕಾಗಿ ಹುಟ್ಟಿ 1990ರಲ್ಲಿ ಡಾಸ್‌ಗೆ ಬಂದದ್ದು. ಇನ್ನೊಂದು ಜಾರ್ಡನ್ ಮೆಕ್ನರ್ ಅವರ ‘ಪ್ರಿನ್ಸ್ ಆಫ್ ಪರ್ಶಿಯಾ’. 1989ರ ಆಪಲ್ ಕೃತಿ, 1990ರಲ್ಲಿ ಡಾಸ್ ಕೃತಿ. ಮೆಕ್ನರ್ ತಮ್ಮ ತಮ್ಮನ ಓಟ, ನೆಗೆತಗಳನ್ನು ವಿಡಿಯೋದಲ್ಲಿ ಹಿಡಿದು, ಚಿತ್ರ ಚಿತ್ರವಾಗಿ ಬಿಡಿಸಿ ರಾಜಕುಮಾರನ ಚಲನೆಯನ್ನು ರೂಪಿಸಿದರು. ಸೆರೆಯಲ್ಲಿರುವ ರಾಜಕುಮಾರಿಯನ್ನು 60 ನಿಮಿಷಗಳೊಳಗೆ ಬಿಡಿಸಬೇಕೆಂಬುದು ಕಥಾವಸ್ತು. ಹಳ್ಳಿಯ ಅಜ್ಜಿಕತೆ ಕೇಳಿ ಬೆಳೆದ ಹುಡುಗನಿಗೆ ಈ ವಸ್ತುವಿನಲ್ಲಿ ವಿವರಿಸಿ ಹೇಳಬೇಕಾದದ್ದು ಏನೂ ಇರಲಿಲ್ಲ.

ಅರವತ್ತು ನಿಮಿಷದ ಗಡುವು ತರಬೇತಿ ಕೇಂದ್ರದ ಸನ್ನಿವೇಶದಲ್ಲಿ ಪಡೆದ ಅರ್ಥ ಕುತೂಹಲಕರ. ಕೇಂದ್ರದಲ್ಲಿ ಒಬ್ಬರಿಗೆ ದೊರೆಯುತ್ತಿದ್ದ ಅಭ್ಯಾಸದ ಅವಧಿಯೂ ಸಾಮಾನ್ಯವಾಗಿ ಒಂದು ಗಂಟೆಯೇ. ಆ ಗಂಟೆಯಲ್ಲಿ ಪಾಠದ ಪಾಲು ಕಳೆದು, ನಡುವೆ ವಿದ್ಯುತ್ತು ಹೋಗದೆ ಉಳಿದರೆ ಆಟ. ಆದ್ದರಿಂದ ಅನೇಕರ ಪಾಲಿಗೆ ರಾಜಕುಮಾರಿ ಕೊನೆಯವರೆಗೂ ಬಿಡುಗಡೆಯಾಗಲೇ ಇಲ್ಲ. ಮುಂದಿನ ಹಂತಗಳು ಕಂಡವರಿಂದ ಕಾಣದವರಿಗೆ ಕತೆಯಾಗಿ ತಲುಪಿದವು. ಎಂಟನೆಯ ಹಂತದಲ್ಲಿ ಒಂದು ಇಲಿ ಬಂದು ಬಾಗಿಲು ತೆರೆಸುತ್ತದೆ. ಕನ್ನಡಿಯೊಳಗಿಂದ ಹೊರಬಂದ ನೆರಳಿನೊಡನೆ ಕಡೆಗೆ ಎದುರಾದಾಗ ಕಾದಬಾರದು, ನೆರಳಿಗೆ ಹಾಕಿದ ಏಟು ತನಗೇ ಬೀಳುತ್ತದೆ, ಕತ್ತಿಯನ್ನು ಒರೆಗೆ ಸೇರಿಸಿ ನಡೆದರೆ ನೆರಳು ತನ್ನಲ್ಲೇ ಲೀನವಾಗುತ್ತದೆ. ಈ ತಿಳಿವಳಿಕೆ ಆಡಿ ಕಂಡುಕೊಂಡವರು ವಿರಳ, ಕೇಳಿ ತಿಳಿದವರೇ ಹೆಚ್ಚು. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಕ್ಕಸನ ಪ್ರಾಣವಿರುವ ಕತೆಯಲ್ಲಿ ಗುಟ್ಟು ಹೇಗೆ ಬಾಯಿಂದ ಬಾಯಿಗೆ ಬರುತ್ತದೆಯೋ ಇದೂ ಹಾಗೆಯೇ ಬಂದಿತು.

ಇದಕ್ಕಿಂತ ಮಹತ್ವದ ಸಂಗತಿ ಕೈಪಿಡಿಯ ಗೈರುಹಾಜರಿ. ‘ಪ್ರಿನ್ಸ್ ಆಫ್ ಪರ್ಶಿಯಾ’ದ ಡಾಸ್ ಆವೃತ್ತಿಯಲ್ಲಿ ಆರಂಭದ ಹಂತಗಳಲ್ಲೊಮ್ಮೆ ಅಕ್ಷರಗಳನ್ನು ಹೊತ್ತ ಪಾನಪಾತ್ರೆಗಳ ಕೋಣೆಯೊಂದು ಎದುರಾಗುತ್ತದೆ. ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಪಾತ್ರೆಯಿಂದಲೇ ಕುಡಿಯಬೇಕು. ತಪ್ಪಿದರೆ ಸಾವು. ಹಣ ಕೊಟ್ಟು ಕೊಂಡವನೇ ಆಡಬೇಕೆಂಬುದಕ್ಕೆ ಮಾಡಿದ ಬೀಗವಿದು. ಫ್ಲಾಪಿಯಿಂದ ಫ್ಲಾಪಿಗೆ ನಕಲಾಗಿ ತಾಲೂಕು ಕೇಂದ್ರದವರೆಗೆ ಬಂದ ಪ್ರತಿಗಳೊಡನೆ ಕೈಪಿಡಿ ಬರಲಿಲ್ಲ. ಬೀಗ ಒಡೆದ ಪ್ರತಿಗಳು ಬಂದವು. ಕೈಪಿಡಿಯ ಜಾಗವನ್ನು ತುಂಬಿದ್ದು ಮೌಖಿಕ ಪರಂಪರೆ. ಆಟವನ್ನು ತೆರೆಯುವಾಗ ಅದರ ಹೆಸರಿನ ಮುಂದೆ ‘ಮೆಗಾಹಿಟ್’ ಎಂದು ಬೆರಳಚ್ಚಿಸಿದರೆ ಹಂತಗಳನ್ನು ಹಾರಿ ಹೋಗುವ ಶಕ್ತಿ ಬರುತ್ತದೆಂಬುದು ಆ ಪರಂಪರೆಯ ಅತ್ಯಂತ ಪ್ರಸಿದ್ಧ ಮಂತ್ರ. ಈ ಪದ ಮೊದಲ ಆವೃತ್ತಿಗೆ ಸಲ್ಲುವಂಥದು. ಮುಂದಿನ ಆವೃತ್ತಿಗಳಲ್ಲಿ ಅದರ ಬದಲು ‘ಇಂಪ್ರೂವ್ಡ್’ ಎಂಬ ಪದ ಬೇಕಾಗುತ್ತಿತ್ತು. ಒಂದು ಕೇಂದ್ರದಲ್ಲಿ ಫಲಿಸಿದ ಮಂತ್ರ ಮತ್ತೊಂದರಲ್ಲಿ ಫಲಿಸದಿದ್ದರೆ ಅದಕ್ಕೆ ಪಾಠಾಂತರವೇ ಕಾರಣವೆಂದು ಗ್ರಂಥಸಂಪಾದನ ಶಾಸ್ತ್ರ ಬಲ್ಲವರು ಒಡನೆಯೇ ಗುರುತಿಸುತ್ತಾರೆ. ಮಂತ್ರ ಫಲಿಸದ್ದಕ್ಕೆ ಆಡುವವರು ತಮ್ಮತಮ್ಮಲ್ಲೇ ಬೇರೆ ಕಾರಣಗಳನ್ನು ಕಟ್ಟಿಕೊಳ್ಳುತ್ತಿದ್ದರೆಂಬುದು ಜಾನಪದ ಶಾಸ್ತ್ರಕ್ಕೆ ಸಂಬಂಧಿಸಿದ್ದು.

ಹೀಗೆ ನೋಡಿದಾಗ ಬ್ರೌಸರಿನಲ್ಲಿ ಇಂದು ತೆರೆದುಕೊಳ್ಳುವ ರಾಜಕುಮಾರ ಯಾರ ರಾಜಕುಮಾರ ಎಂಬ ಪ್ರಶ್ನೆ ಏಳುತ್ತದೆ. ಮೆಕ್ನರ್ ಅವರ ತಂದೆಗೆ 2012ರಲ್ಲಿ ಹಳೆಯ ಫ್ಲಾಪಿಗಳ ಪೆಟ್ಟಿಗೆಯೊಂದು ದೊರೆತು, ಅದರಿಂದ ಆಪಲ್ ಆವೃತ್ತಿಯ ಮೂಲ ಸಂಕೇತ ಹೊರಬಂದದ್ದು, ಅದೇ ವರ್ಷ ಅದನ್ನು ಎಲ್ಲರಿಗೂ ತೆರೆದಿಟ್ಟದ್ದು ಸಂರಕ್ಷಣೆಯ ಇತಿಹಾಸದಲ್ಲಿ ಸಂತೋಷದ ಘಟನೆ. ಕರ್ತೃವಿನ ಹಸ್ತಪ್ರತಿ ಸಿಕ್ಕಿದಷ್ಟೇ ಬೆಲೆಯುಳ್ಳದ್ದು. ಆದರೆ ಕರ್ತೃಪಾಠ ಸಿಕ್ಕಿತೆಂದು ಜನಪಾಠವನ್ನು ಬದಿಗೆ ಸರಿಸುವುದು ಜಾನಪದ ವಿದ್ವಾಂಸರು ಒಪ್ಪತಕ್ಕ ಮಾತಲ್ಲ. ಕೈಪಿಡಿಯಿಲ್ಲದ, ಬೀಗ ಒಡೆದ, ಯಾರೋ ತಿದ್ದಿದ, ಮೂವರು ಒಂದೇ ಕೀಲಿಮಣೆಗೆ ಕೈ ಚಾಚಿ ಆಡಿದ ಪ್ರತಿಯೇ ಈ ಸೀಮೆಯ ಅಧಿಕೃತ ಪ್ರತಿ. ನೆಗೆಯುವ ಕೀಲಿ ಒಬ್ಬನಿಗೆ, ಓಡುವ ಕೀಲಿ ಒಬ್ಬನಿಗೆ, ಹಿಂದೆ ನಿಂತವನದು ಬರೀ ಬಾಯಿ. ಇಂಥ ಹಂಚಿಕೆಯನ್ನು ಯಾವ ಎಮ್ಯುಲೇಟರೂ ಅನುಕರಿಸದು. ಅನುಕರಿಸಬೇಕೆಂದು ಅದನ್ನು ಬರೆದವರಿಗೆ ತೋಚುವುದೂ ಸಾಧ್ಯವಿರಲಿಲ್ಲ.

ಎಮ್ಯುಲೇಟರುಗಳು ಕೊಡುವ ಒಂದು ಸೌಕರ್ಯವನ್ನು ಇಲ್ಲಿ ವಿಮರ್ಶಿಸುವುದು ಅಗತ್ಯ. ಅನೇಕ ಎಮ್ಯುಲೇಟರುಗಳಲ್ಲಿ ಆಟವನ್ನು ಯಾವ ಕ್ಷಣದಲ್ಲಾದರೂ ಹಾಗೆಯೇ ಹಿಡಿದು ಉಳಿಸಿ, ಸತ್ತ ಕೂಡಲೆ ಆ ಕ್ಷಣಕ್ಕೆ ಮರಳಬಹುದು. ಕನ್ನಡ ಮಕ್ಕಳ ಆಟದ ಭಾಷೆಯಲ್ಲಿ ಇದಕ್ಕೊಂದು ಹಳೆಯ ಹೆಸರಿದೆ: ‘ಟೈಂಪ್ಲೀಸ್’. ಓಡಿಸಿಕೊಂಡು ಬಂದವನ ಕೈಗೆ ಸಿಗುವ ಮುನ್ನ ‘ಟೈಂಪ್ಲೀಸ್’ ಎಂದವನು ತಾತ್ಕಾಲಿಕವಾಗಿ ಆಟದ ಹೊರಗೆ. ಆದರೆ ಬೀದಿಯಲ್ಲಿ ‘ಟೈಂಪ್ಲೀಸ್’ ಕೇಳಿದವನಿಗೆ ಉಳಿದವರ ಒಪ್ಪಿಗೆ ಬೇಕು. ಮಿತಿಮೀರಿ ಕೇಳಿದವನನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಎಮ್ಯುಲೇಟರಿನಲ್ಲಿ ಒಪ್ಪಿಗೆ ಕೊಡುವವರೂ ಇಲ್ಲ, ನಿರಾಕರಿಸುವವರೂ ಇಲ್ಲ. ಸಾವಿನ ಭಯವೇ ಆಟದ ರಚನೆಯಾಗಿರುವ ಕೃತಿಯೊಂದರಲ್ಲಿ ಸಾವನ್ನು ಹೀಗೆ ರದ್ದುಗೊಳಿಸಿದರೆ ಉಳಿಯುವುದು ಚಿತ್ರಗಳ ಸರಣಿ. ಸಂಶೋಧಕರಿಗೆ ಈ ಸೌಕರ್ಯ ಉಪಕಾರಿ. ಇದನ್ನೇ ಆಟದ ಅನುಭವವೆಂದು ಭಾವಿಸಿದರೆ ಅಪಾಯಕಾರಿ.

ನಿಯಮವು ಪೂರ್ಣವಾಗಿ ಉಳಿದೂ ಆಟ ಅಳಿಯಬಹುದೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ನಿದರ್ಶನವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಹಲಗೆಯಾಟ, ಚದದ ಎಲೆಯಾಟಗಳ ವಿವರಣೆ ಸಚಿತ್ರವಾಗಿ ದೊರೆಯುತ್ತದೆ. ಅರಮನೆಯ ಆ ಚದವನ್ನು ಇಂದು ಜಗಲಿಗಳ ಮೇಲೆ ಆಡುವವರಿಲ್ಲ. ಯಾವ ಗ್ರಂಥದ ಆಸರೆಯನ್ನೂ ಬೇಡದ ಚೌಕಾಬಾರ ಒಂದು ತುಂಡು ಸೀಮೆಸುಣ್ಣ, ನಾಲ್ಕು ಕವಡೆ ಅಥವಾ ಒಡೆದ ಹುಣಸೆಬೀಜಗಳಿದ್ದರೆ ಎಲ್ಲಿ ಬೇಕಾದರೂ ಹುಟ್ಟುತ್ತದೆ. ಹಂಪಿಯ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿನ ಪ್ರವಾಸಿಯೂ ಗುರುತಿಸಬಲ್ಲ, ಕೂತು ಆಡಬಲ್ಲ. ಗಣಕದ ಆಟಕ್ಕೆ ಈ ಭಾಗ್ಯವಿಲ್ಲ. ಅದರ ಹಲಗೆ ಕಾರ್ಖಾನೆಯಲ್ಲಿ ತಯಾರಾದದ್ದು, ಹತ್ತು ವರ್ಷದಲ್ಲಿ ಗುಜರಿ ಸೇರುವಂಥದು. ಆದ್ದರಿಂದಲೇ ಎಮ್ಯುಲೇಟರ್ ಅನಿವಾರ್ಯ. ಅದು ಸಾಲದು ಎನ್ನುವವರು ಅದು ಬೇಡ ಎನ್ನುತ್ತಿದ್ದಾರೆಂದು ತಿಳಿಯಬಾರದು.

ಬೇಕು ಎಂದವರ ದಾರಿಯೂ ಸುಗಮವಾಗಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮುಂಚೆ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಮಾರುಕಟ್ಟೆಯಲ್ಲಿ ಲಭ್ಯವಿಲ್ಲ. ಗ್ರಂಥಾಲಯಗಳು ಇಂಥ ಆಟಗಳನ್ನು ದೂರದ ಸಂಶೋಧಕರಿಗೆ ಒದಗಿಸಲು ವಿನಾಯಿತಿ ಕೋರಿದಾಗ ಅಲ್ಲಿನ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ನಿರಾಕರಿಸಿತು. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮವು ಗಣಕ ಪ್ರೋಗ್ರಾಮನ್ನು ಸಾಹಿತ್ಯಕೃತಿಯ ವ್ಯಾಖ್ಯೆಯೊಳಗೆ ಸೇರಿಸುತ್ತದೆ. ಸಾಹಿತ್ಯ ವಿಮರ್ಶಕರು ಇನ್ನೂ ಕೊಡದ ಮಾನ್ಯತೆಯನ್ನು ಕಾನೂನು ಎಂದೋ ಕೊಟ್ಟಾಗಿದೆ. 2012ರ ತಿದ್ದುಪಡಿಯು ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಗಳಿಗೆ ಸಂರಕ್ಷಣೆಗಾಗಿ ಕೃತಿಗಳನ್ನು ವಿದ್ಯುನ್ಮಾನ ರೂಪದಲ್ಲಿ ಶೇಖರಿಸಿಡಲು ಅವಕಾಶ ನೀಡಿತು. ಷರತ್ತು ಒಂದೇ: ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿಯು ಗ್ರಂಥಾಲಯದ ಬಳಿ ಮೊದಲೇ ಇರಬೇಕು. ಡಿಜಿಟಲ್ ರೂಪದಲ್ಲಿಯೇ ಹುಟ್ಟಿದ ಕೃತಿಗೆ ಡಿಜಿಟಲ್ ಅಲ್ಲದ ಪ್ರತಿಯನ್ನು ಎಲ್ಲಿಂದ ತರುವುದು? 1954ರ ಗ್ರಂಥ ಒಪ್ಪಿಸುವ ಅಧಿನಿಯಮವಂತೂ ಪುಸ್ತಕ, ಪತ್ರಿಕೆಗಳ ಆಚೆಗೆ ನೋಡುವುದೇ ಇಲ್ಲ.

ಈ ವಿಚಾರ ಆಟಗಳಿಗಷ್ಟೇ ಸೀಮಿತವಾಗಿದ್ದರೆ ಅಕಾಡೆಮಿಯ ಸಂಪುಟವೊಂದರಲ್ಲಿ ಇಷ್ಟು ಎಡೆ ಬೇಡುತ್ತಿರಲಿಲ್ಲವೆಂದು ಯಾರಾದರೂ ಹೇಳಬಹುದು. ಅವರು ತಮ್ಮ ಸಂಸ್ಥೆಯ ಕಪಾಟನ್ನೊಮ್ಮೆ ತೆರೆದು ನೋಡಬೇಕು. 1990ರ ದಶಕದಲ್ಲಿ ಮತ್ತು ಮುಂದಿನ ದಶಕದ ಆರಂಭದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳಲ್ಲಿ, ಜನಪದ ಕಾವ್ಯಗಳ ಸಂಪುಟಗಳೂ ಸೇರಿದಂತೆ, ಬಹುಪಾಲು ಡಿಟಿಪಿಯಲ್ಲಿ ಸಿದ್ಧಗೊಂಡವು. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ಆ ಕಡತಗಳಲ್ಲಿರುವುದು ಕನ್ನಡದ ಅಕ್ಷರಗಳ ಸಂಕೇತವಲ್ಲ, ಆಯಾ ಕಂಪನಿಯ ಅಕ್ಷರಚೂರುಗಳ ಸಂಕೇತ. ಕೊಂಬು, ದೀರ್ಘ, ಒತ್ತುಗಳನ್ನು ಒಂದೊಂದು ಕಂಪನಿ ಒಂದೊಂದು ಮನೆಯಲ್ಲಿ ಇಟ್ಟಿತ್ತು. ಪೇಜ್‌ಮೇಕರಿನಲ್ಲಿ ಕಟ್ಟಿದ ಪುಟವನ್ನು ಹೊಸ ಗಣಕದಲ್ಲಿ ತೆರೆದರೆ ಹಾಡುಗಾರನ ನುಡಿಯ ಬದಲು ಲ್ಯಾಟಿನ್ ಚಿಹ್ನೆಗಳ ರಾಶಿ ಕಾಣುತ್ತದೆ, ಅನೇಕ ವೇಳೆ ಕಡತ ತೆರೆದುಕೊಳ್ಳುವುದೇ ಇಲ್ಲ. ಅಚ್ಚಿನ ಪ್ರತಿ ಇದೆಯಲ್ಲ ಎಂಬ ಸಮಾಧಾನ ಅರ್ಧ ಮಾತ್ರ ಸರಿ. ಪುಟಮಿತಿಯ ಕಾರಣಕ್ಕೆ ಬಿಟ್ಟ ಪಾಠಾಂತರ, ವಕ್ತೃವಿನ ವಿವರ, ಕ್ಷೇತ್ರಕಾರ್ಯದ ಟಿಪ್ಪಣಿಗಳು ಅಚ್ಚಿಗೆ ಹೋಗದೆ ಅಂಥ ಕಡತಗಳಲ್ಲಿಯೇ ಉಳಿದಿರುವುದುಂಟು. ಅವನ್ನು ಮೂಲರೂಪದಲ್ಲಿ ಕಾಣಬೇಕಾದರೆ ವಿಂಡೋಸ್ 98ನ್ನು ವರ್ಚುಯಲ್ ಮಷೀನಿನೊಳಗೆ ಎಬ್ಬಿಸಿ, ಅದರಲ್ಲಿ ಆ ಕಾಲದ ಪೇಜ್‌ಮೇಕರನ್ನೂ ಆ ಕಂಪನಿಯ ಅಕ್ಷರಗಳನ್ನೂ ಕೂರಿಸಬೇಕು. ಆ ವಿದ್ಯೆಯನ್ನು ಹವ್ಯಾಸಕ್ಕಾಗಿ ಕಲಿತು, ಸಂಬಳವಿಲ್ಲದೆ ಬೆಳೆಸಿದವರಲ್ಲಿ ದೊಡ್ಡ ಪಾಲು ಹಳೆಯ ಆಟಗಳನ್ನು ಆಡಬಯಸಿದವರದು.

ಆ ಕಾಲದಲ್ಲಿ ಚಿಂತಾಮಣಿಯಂಥ ಊರುಗಳ ಕೋಣೆಗಳಲ್ಲಿ ಆಡಿದವರು ಈಗ ನಲವತ್ತರ ಆಸುಪಾಸಿನವರು. ವಕ್ತೃಗಳ ಪಟ್ಟಿಯಲ್ಲಿ ಎಂಬತ್ತರ ಮುದುಕರನ್ನೇ ಹುಡುಕುವ ಅಭ್ಯಾಸವಿರುವ ಕ್ಷೇತ್ರಕಾರ್ಯಕ್ಕೆ ಇವರು ಕಣ್ಣಿಗೆ ಬೀಳುವುದಿಲ್ಲ. ಯಾವ ಕೇಂದ್ರಕ್ಕೆ ಯಾವ ಫ್ಲಾಪಿ ಎಲ್ಲಿಂದ ಬಂತು, ನೆರಳಿನ ಗುಟ್ಟನ್ನು ಮೊದಲು ಯಾರ ಬಾಯಲ್ಲಿ ಕೇಳಿದರು, ಸರದಿಯ ಜಗಳ ಯಾವ ಭಾಷೆಯಲ್ಲಿ ನಡೆಯಿತು, ಹುಡುಗಿಯರಿಗೆ ಕೀಲಿಮಣೆ ಎಷ್ಟು ಸಿಕ್ಕಿತು ಎಂಬುದನ್ನು ಅವರ ಪಕ್ಕ ಕೂತು, ಎಮ್ಯುಲೇಟರಿನಲ್ಲಿ ಆ ಆಟವನ್ನೇ ಅವರ ಕೈಗೆ ಕೊಟ್ಟು ಕೇಳಬಹುದು. ನೆನಪನ್ನು ಎಬ್ಬಿಸುವ ಸಾಧನವಾಗಿ ಎಮ್ಯುಲೇಟರಿಗಿರುವ ಬೆಲೆ ಸಂರಕ್ಷಣೆಯ ಸಾಧನವಾಗಿ ಅದಕ್ಕಿರುವ ಬೆಲೆಗಿಂತ ಕಡಿಮೆಯದಲ್ಲ. ಆಡುವಾಗ ಬೆರಳು ನೆನೆಯುವುದನ್ನು ಬಾಯಿ ಹಿಂಬಾಲಿಸುತ್ತದೆ. ಬೀಸುಕಲ್ಲಿನ ಮುಂದೆ ಕೂರಿಸಿದ ಮೇಲೆ ಹಾಡು ನೆನಪಾದ ವಕ್ತೃಗಳ ಅನುಭವ ನಮ್ಮ ಸಂಗ್ರಾಹಕರಿಗೆ ಹೊಸದಲ್ಲ.

ಕಡತಗಳ ವಿಷಯದಲ್ಲಿ ಮಾತ್ರ ಒಂದು ತೊಡಕು ಉಳಿಯುತ್ತದೆ. ಆ ಕಾಲದ ಹಲವು ಕನ್ನಡ ಅಕ್ಷರ ತಂತ್ರಾಂಶಗಳು ಗಣಕದ ಹಿಂಬದಿಯ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಹಾರ್ಡ್‌ವೇರ್ ಲಾಕ್ ಇಲ್ಲದೆ ತೆರೆದುಕೊಳ್ಳುತ್ತಿರಲಿಲ್ಲ. ಬೆರಳುದ್ದದ ಆ ಲಾಕು ಕಳೆದಿದ್ದರೆ ವರ್ಚುಯಲ್ ಮಷೀನಿನೊಳಗೆ ವಿಂಡೋಸ್ ಎದ್ದು ನಿಂತರೂ ತಂತ್ರಾಂಶ ಏಳುವುದಿಲ್ಲ. ಪಾನಪಾತ್ರೆಗಳ ಬೀಗವನ್ನು ಯಾರೋ ಒಡೆದದ್ದರಿಂದ ಪರ್ಶಿಯಾದ ರಾಜಕುಮಾರ ಇಂದಿಗೂ ಎಲ್ಲೆಡೆ ಓಡುತ್ತಿದ್ದಾನೆ. ಈ ಲಾಕುಗಳನ್ನು ಒಡೆಯಲು ಆ ದಿನಗಳಲ್ಲಿ ಅಷ್ಟು ಹುರುಪು ತೋರಿದವರು ಇರಲಿಲ್ಲ.